ತಲೆನೋವಿನ ಸಾರ್ವಜನಿಕ ಲೆಕ್ಕ

ಕನ್ನಡದಲ್ಲಿ ‘ತಲೆನೋವು’ ಎಂಬ ಮಾತಿಗೆ ಇರುವಷ್ಟು ಹಗುರವಾದ ಬಳಕೆ ಬೇರಾವ ಕಾಯಿಲೆಯ ಹೆಸರಿಗೂ ಇದ್ದಂತಿಲ್ಲ. ವಿಲೇವಾರಿಯಾಗದ ಕಡತ ಅಧಿಕಾರಿಗೆ ತಲೆನೋವು, ಖಾತೆ ಹಂಚಿಕೆ ಮುಖ್ಯಮಂತ್ರಿಗೆ ತಲೆನೋವು, ಬಾಡಿಗೆ ಕೊಡದ ಬಾಡಿಗೆದಾರ ಮನೆಯ ಮಾಲೀಕನಿಗೆ ತಲೆನೋವು. ಕಿರಿಕಿರಿಗೆ ಪರ್ಯಾಯವಾಗಿ ಬಳಸಿ ಬಳಸಿ, ಆ ಪದ ನಿಜವಾದ ನೋವನ್ನು ಹೇಳುವ ಶಕ್ತಿಯನ್ನೇ ಕಳೆದುಕೊಂಡಿದೆ. ‘ಎದೆನೋವು’ ಎಂದರೆ ಮನೆಮಂದಿಯೆಲ್ಲ ಎದ್ದು ನಿಲ್ಲುತ್ತಾರೆ; ‘ತಲೆನೋವು’ ಎಂದರೆ ಒಂದು ಲೋಟ ಕಾಫಿ ಮುಂದಿಡುತ್ತಾರೆ.

ಸರ್ಕಾರಿ ಸೇವೆಯಲ್ಲಿದ್ದ ವರ್ಷಗಳಲ್ಲಿ ನಾನು ಸಾವಿರಾರು ರಜೆ ಅರ್ಜಿಗಳನ್ನು ನೋಡಿದ್ದೇನೆ. ಅವುಗಳಲ್ಲಿ ಜ್ವರವಿತ್ತು, ಭೇದಿಯಿತ್ತು, ಬೆನ್ನುನೋವಿತ್ತು, ಬಂಧುಗಳ ಮರಣವಂತೂ ಧಾರಾಳವಾಗಿತ್ತು. ತಲೆನೋವೆಂದು ಬರೆದವರು ಬಹಳ ಕಡಿಮೆ. ನಾನು ಕೆಲಸ ಮಾಡಿದ ಒಂದು ಇಲಾಖೆಯಲ್ಲಿ ಹಿರಿಯ ಬೆರಳಚ್ಚುಗಾರ್ತಿಯೊಬ್ಬರು ತಿಂಗಳಿಗೆ ಒಂದೆರಡು ದಿನ ‘ಜ್ವರ’ದ ರಜೆ ಹಾಕುತ್ತಿದ್ದರು. ಅವರಿಗಿದ್ದದ್ದು ಅರೆತಲೆನೋವು ಎಂಬುದು ಇಡೀ ಶಾಖೆಗೆ ಗೊತ್ತಿತ್ತು. ‘ತಲೆನೋವು ಅಂತ ಬರೆದರೆ ಯಾರು ಸಾರ್ ನಂಬುತ್ತಾರೆ? ಜ್ವರಕ್ಕಾದರೆ ಒಂದು ಮರ್ಯಾದೆ ಇದೆ’ ಎಂದು ಅವರು ಒಮ್ಮೆ ನನಗೆ ಹೇಳಿದರು. ಲೆಕ್ಕಕ್ಕೆ ಬಾರದ ನೋವು ನೀತಿಗೂ ಬರುವುದಿಲ್ಲ ಎಂಬುದು ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಅಂದಿನಿಂದಲೂ ಕಾಡುತ್ತಿರುವ ವಿಷಯ. ನಾನು ವೈದ್ಯನಲ್ಲ. ಆದರೆ ಈ ಕಾಯಿಲೆಯ ಒಂದು ದೊಡ್ಡ ಭಾಗ ಔಷಧಶಾಸ್ತ್ರಕ್ಕಿಂತ ಆಡಳಿತಕ್ಕೇ ಹೆಚ್ಚು ಸಂಬಂಧಿಸಿದ್ದೆಂದು ನನಗನ್ನಿಸಿದೆ. ಆ ಕಾರಣಕ್ಕಾಗಿ ಈ ಬರಹ.

ಮೊದಲು ಅಂಕಿಅಂಶ. ನಮ್ಮ ರಾಜ್ಯದ ಮಟ್ಟಿಗೆ ಈ ವಿಷಯದಲ್ಲಿ ಒಳ್ಳೆಯ ಅಧ್ಯಯನವೊಂದಿದೆ ಎಂಬುದು ಅನೇಕರಿಗೆ ತಿಳಿದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ತಜ್ಞರು ವಿದೇಶಿ ಸಂಶೋಧಕರ ಜೊತೆಗೂಡಿ ಬೆಂಗಳೂರು ನಗರ ಮತ್ತು ಸುತ್ತಲಿನ ಗ್ರಾಮೀಣ ಭಾಗದಲ್ಲಿ 18ರಿಂದ 65 ವರ್ಷದೊಳಗಿನ 2,329 ಮಂದಿಯನ್ನು ಮನೆಮನೆಗೆ ಹೋಗಿ ಸಂದರ್ಶಿಸಿದರು. ಅದರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಹಿಂದಿನ ಒಂದು ವರ್ಷದಲ್ಲಿ ಯಾವುದಾದರೂ ಬಗೆಯ ತಲೆನೋವು ಅನುಭವಿಸಿದವರು ಶೇ 63.9. ಮೈಗ್ರೇನ್ ಇದ್ದವರು ಶೇ 25.2, ಅಂದರೆ ನಾಲ್ವರಲ್ಲಿ ಒಬ್ಬರು. ಮೈಗ್ರೇನ್‌ನ ಜಾಗತಿಕ ಸರಾಸರಿ ಸುಮಾರು ಶೇ 14 ಎಂಬುದನ್ನು ನೆನೆದರೆ ಈ ಸಂಖ್ಯೆಯ ಗಾತ್ರ ಅರಿವಾದೀತು. ಇನ್ನೂ ಎರಡು ಸಂಗತಿಗಳು ಆ ಅಧ್ಯಯನದಿಂದ ಹೊರಬಂದವು. ಮೈಗ್ರೇನ್ ಪುರುಷರಿಗಿಂತ ಮಹಿಳೆಯರಲ್ಲಿ ಬಹಳ ಹೆಚ್ಚು. ನಗರಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ತಲೆನೋವೆಂದರೆ ಕಂಪ್ಯೂಟರ್ ಮುಂದೆ ಕೂರುವ ನಗರವಾಸಿಗಳ ಕಾಯಿಲೆ ಎಂಬ ನಂಬಿಕೆಗೆ ಇದು ಸರಿಯಾದ ಉತ್ತರ.

ಜಗತ್ತಿನ ಮಟ್ಟದಲ್ಲೂ ಚಿತ್ರ ಬೇರೆಯಿಲ್ಲ. ರೋಗಗಳ ಜಾಗತಿಕ ಹೊರೆಯನ್ನು ಅಳೆಯುವ 2019ರ ಲೆಕ್ಕಾಚಾರದಲ್ಲಿ, ಜೀವ ತೆಗೆಯದಿದ್ದರೂ ಬದುಕನ್ನು ಕುಂಠಿತಗೊಳಿಸುವ ಕಾರಣಗಳ ಪೈಕಿ ಮೈಗ್ರೇನ್ ಎರಡನೆಯ ಸ್ಥಾನದಲ್ಲಿತ್ತು. 50 ವರ್ಷದೊಳಗಿನ ಮಹಿಳೆಯರಲ್ಲಿ ಮೊದಲನೆಯ ಸ್ಥಾನದಲ್ಲಿ. ದುಡಿಯುವ ಮತ್ತು ಮಕ್ಕಳನ್ನು ಬೆಳೆಸುವ ವಯಸ್ಸಿನಲ್ಲೇ ಕಾಡುವ, ಆದರೆ ಮರಣ ಪ್ರಮಾಣಪತ್ರದಲ್ಲಿ ಎಂದೂ ಕಾಣಿಸಿಕೊಳ್ಳದ ಕಾಯಿಲೆ ಇದು. ಸಾವುಗಳನ್ನು ಎಣಿಸಿ ಆದ್ಯತೆ ನಿಗದಿ ಮಾಡುವ ಆರೋಗ್ಯ ವ್ಯವಸ್ಥೆಗೆ ಇದು ಕಾಣಿಸದಿರುವುದರಲ್ಲಿ ಆಶ್ಚರ್ಯವಿಲ್ಲ.

ಎಲ್ಲ ತಲೆನೋವೂ ಒಂದೇ ಅಲ್ಲ. ನಮ್ಮ ಪೂರ್ವಿಕರಿಗೂ ಇದು ಗೊತ್ತಿತ್ತು. ಸುಶ್ರುತ ಸಂಹಿತೆಯು ಶಿರೋರೋಗಗಳನ್ನು 11 ಬಗೆಯಾಗಿ ವಿಂಗಡಿಸಿ, ತಲೆಯ ಒಂದು ಪಾರ್ಶ್ವವನ್ನು ಸೀಳುವಂಥದ್ದನ್ನು ಅರ್ಧಾವಭೇದಕವೆಂದೂ ಸೂರ್ಯನೊಡನೆ ಏರಿ ಸೂರ್ಯನೊಡನೆ ಇಳಿಯುವಂಥದ್ದನ್ನು ಸೂರ್ಯಾವರ್ತವೆಂದೂ ಕರೆಯಿತು. ಇಂದಿನ ವೈದ್ಯಶಾಸ್ತ್ರದ ಪ್ರಕಾರ ಅತಿ ಸಾಮಾನ್ಯವಾದದ್ದು ಬಿಗಿತದ ತಲೆನೋವು. ತಲೆಗೆ ಪಟ್ಟಿ ಕಟ್ಟಿ ಎಳೆದಂತೆ ಎರಡೂ ಕಡೆ ಒತ್ತುತ್ತದೆ. ಅರ್ಧ ಗಂಟೆಯಿಂದ ಏಳು ದಿನಗಳವರೆಗೆ ಇರಬಹುದು. ಆದರೂ ಮನುಷ್ಯ ಹೇಗೋ ಓಡಾಡಿಕೊಂಡಿರುತ್ತಾನೆ. ಮೈಗ್ರೇನ್ ಹಾಗಲ್ಲ. ಚಿಕಿತ್ಸೆಯಿಲ್ಲದಿದ್ದರೆ ನಾಲ್ಕು ಗಂಟೆಯಿಂದ 72 ಗಂಟೆಯವರೆಗೆ ಇರುವ, ನಾಡಿ ಬಡಿದಂತೆ ಬಡಿಯುವ, ನಡೆದರೆ ಹೆಚ್ಚಾಗುವ, ಓಕರಿಕೆ ತರುವ, ಬೆಳಕನ್ನೂ ಸದ್ದನ್ನೂ ಸಹಿಸಲಾಗದಂತೆ ಮಾಡುವ ನರಸಂಬಂಧಿ ಕಾಯಿಲೆ ಅದು. ಕೆಲವರಿಗೆ ನೋವಿಗೆ ಮುನ್ನ ಕಣ್ಣೆದುರು ಅಂಕುಡೊಂಕಾದ ಮಿಂಚುಗೆರೆಗಳು ಕಾಣಿಸಿಕೊಳ್ಳುತ್ತವೆ. ಮೂರನೆಯದು ಅಪರೂಪದ, ಆದರೆ ಅತಿ ಭೀಕರವಾದ ಕ್ಲಸ್ಟರ್ ತಲೆನೋವು. ಒಂದೇ ಕಣ್ಣಿನ ಸುತ್ತ 15 ನಿಮಿಷದಿಂದ ಮೂರು ಗಂಟೆಯವರೆಗೆ ಇರಿಯುತ್ತದೆ; ಕಣ್ಣಲ್ಲಿ ನೀರು ಸುರಿಯುತ್ತದೆ; ಅನೇಕರನ್ನು ನಿದ್ದೆಯಿಂದ ಎಬ್ಬಿಸಿ ಕೋಣೆಯಲ್ಲಿ ಅತ್ತಿತ್ತ ಓಡಾಡಿಸುತ್ತದೆ. ನಾಲ್ಕನೆಯದು ನಾವೇ ತಯಾರಿಸಿಕೊಳ್ಳುವಂಥದ್ದು. ಅದರ ವಿಚಾರ ಮುಂದೆ ಹೇಳುತ್ತೇನೆ.

ಇನ್ನು ಪ್ರಚೋದಕಗಳ ವಿಚಾರ. ಮೈಗ್ರೇನ್ ಬರುವ ಪ್ರವೃತ್ತಿ ಬಹುಮಟ್ಟಿಗೆ ವಂಶಪಾರಂಪರ್ಯವಾದದ್ದು. ಪ್ರಚೋದಕ ಆ ಪ್ರವೃತ್ತಿಯನ್ನು ಕೆರಳಿಸುತ್ತದೆಯಷ್ಟೆ. ವೈದ್ಯರು ಸಾಮಾನ್ಯವಾಗಿ ಹೇಳುವ ಪಟ್ಟಿ ಹೀಗಿದೆ: ಊಟ ತಪ್ಪುವುದು, ನೀರು ಸಾಲದಿರುವುದು, ನಿದ್ದೆ ಕಡಿಮೆಯಾಗುವುದು ಅಥವಾ ಅತಿಯಾಗುವುದು, ಮಾನಸಿಕ ಒತ್ತಡ, ಒತ್ತಡ ಹಠಾತ್ತನೆ ಸಡಿಲಗೊಳ್ಳುವುದು, ಮಹಿಳೆಯರಲ್ಲಿ ಮುಟ್ಟಿನ ಆಸುಪಾಸಿನ ದಿನಗಳಲ್ಲಿ ಈಸ್ಟ್ರೋಜೆನ್ ಇಳಿಯುವುದು, ಬಿಸಿಲು, ಮಿನುಗುವ ಅಥವಾ ಕಣ್ಣು ಕೋರೈಸುವ ಬೆಳಕು, ಗದ್ದಲ, ಗಾಢವಾದ ವಾಸನೆ, ಮದ್ಯ, ಹವಾಮಾನದ ಬದಲಾವಣೆ, ಅಭ್ಯಾಸವಾದ ಕಾಫಿ ತಪ್ಪುವುದು. ಮೈಗ್ರೇನ್ ಪೀಡಿತರ ಮಿದುಳು ಬದಲಾವಣೆಯನ್ನು ಸಹಿಸುವುದಿಲ್ಲ ಎಂಬ ಒಂದೇ ವಾಕ್ಯದಲ್ಲಿ ಈ ಪಟ್ಟಿಯ ಬಹುಭಾಗವನ್ನು ಅಡಕಗೊಳಿಸಬಹುದು.

ಕಾಫಿಯ ಮಾತು ಬಂದದ್ದರಿಂದ, ಕಾಫಿ ಬೆಳೆಯುವ ನಾಡಿನವರಾದ ನಾವು ತಿಳಿದಿರಬೇಕಾದ ಸಂಗತಿಯೊಂದಿದೆ. ದಿನಕ್ಕೆ ಮೂರು ನಾಲ್ಕು ಲೋಟ ಗಟ್ಟಿ ಕಾಫಿ ಕುಡಿಯುವವರು ಅದನ್ನು ಹಠಾತ್ತನೆ ಬಿಟ್ಟರೆ, 12ರಿಂದ 24 ಗಂಟೆಗಳಲ್ಲಿ ತಲೆನೋವು ಶುರುವಾಗುತ್ತದೆ. ಭಾನುವಾರ ತಡವಾಗಿ ಎದ್ದು, ಆರು ಗಂಟೆಯ ಕಾಫಿಯನ್ನು ಒಂಬತ್ತಕ್ಕೆ ಕುಡಿಯುವವರಿಗೆ ಬರುವ ‘ರಜಾದಿನದ ತಲೆನೋವಿ’ನಲ್ಲಿ ಹೆಚ್ಚಾದ ನಿದ್ದೆ, ತಪ್ಪಿದ ಕಾಫಿ, ಸಡಿಲಗೊಂಡ ಒತ್ತಡ ಮೂರೂ ಸೇರಿರುವ ಸಾಧ್ಯತೆಯಿದೆ. ಏಕಾದಶಿಯ ನಿರಾಹಾರದಲ್ಲಿ, ರಂಜಾನ್ ಉಪವಾಸದ ಮೊದಲ ದಿನಗಳಲ್ಲಿ ಕೆಲವರಿಗೆ ಬರುವ ತಲೆನೋವಿಗೂ ಹಸಿವಿನಷ್ಟೇ ಕಾಫಿ ಚಹಾದ ಗೈರುಹಾಜರಿಯೂ ಕಾರಣವಾಗಬಲ್ಲದು.

ಪಾಶ್ಚಾತ್ಯ ಪಟ್ಟಿಗಳಲ್ಲಿ ಇಲ್ಲದ, ನಮ್ಮ ಮನೆಗಳಲ್ಲಿ ಮಾತ್ರ ಪರಿಚಿತವಾದ ಪ್ರಚೋದಕವೂ ಇದೆ. ತಲೆಗೆ ಸ್ನಾನ ಮಾಡಿದ ದಿನ ಅರೆತಲೆನೋವು ಬರುತ್ತದೆಂದು ನಮ್ಮ ಹೆಣ್ಣುಮಕ್ಕಳು ತಲೆಮಾರುಗಳಿಂದ ಹೇಳುತ್ತಿದ್ದರು. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಿದವರೇ ಹೆಚ್ಚು. ಮುಂಬೈನ ತಲೆನೋವು ತಜ್ಞ ಡಾ. ಕೆ. ರವಿಶಂಕರ್ ಅವರು ಇಂಥ 94 ಭಾರತೀಯ ರೋಗಿಗಳ ಅನುಭವವನ್ನು ದಾಖಲಿಸಿ 2006ರಲ್ಲಿ ಅಂತರರಾಷ್ಟ್ರೀಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಉದ್ದ ಕೂದಲು, ಒಣಗದ ತೇವ, ಹಬ್ಬದ ದಿನದ ಉಪವಾಸ ಮತ್ತು ಕೆಲಸದ ಒತ್ತಡ ಒಟ್ಟಿಗೆ ಬರುವ ನಮ್ಮ ಮನೆಗಳಲ್ಲಿ ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ರೋಗಿಯ ಮಾತನ್ನು ಕೇಳಿಸಿಕೊಂಡರೆ ವಿಜ್ಞಾನಕ್ಕೂ ಲಾಭವಿದೆ ಎಂಬುದಕ್ಕೆ ಇದೊಂದು ನಿದರ್ಶನ.

ಆದರೆ ಇಲ್ಲಿ ಎಚ್ಚರ ಬೇಕು. ಒಂದರ ಹಿಂದೆ ಇನ್ನೊಂದು ಬಂದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗದು ಎಂಬುದು ಅರ್ಥಶಾಸ್ತ್ರದ ಮೊದಲ ಪಾಠ. ಮೈಗ್ರೇನ್ ನೋವು ಶುರುವಾಗುವ ಗಂಟೆಗಳಷ್ಟು, ಕೆಲವೊಮ್ಮೆ ಒಂದೆರಡು ದಿನಗಳಷ್ಟು ಮೊದಲೇ ಮಿದುಳಿನಲ್ಲಿ ಆರಂಭವಾಗಿರುತ್ತದೆ. ಆಗ ಆಕಳಿಕೆ ಬರುತ್ತದೆ, ಕತ್ತು ಬಿಗಿಯುತ್ತದೆ, ಸಿಹಿ ತಿನ್ನಬೇಕೆನಿಸುತ್ತದೆ. ಸಿಹಿ ತಿಂದವರು ಮರುದಿನ ನೋವು ಬಂದಾಗ ಸಿಹಿಯನ್ನು ದೂರುತ್ತಾರೆ; ಕತ್ತು ಹಿಡಿದವರು ದಿಂಬನ್ನು ಬದಲಾಯಿಸುತ್ತಾರೆ. ತಪ್ಪು ಗುರುತಿನ ಇನ್ನೊಂದು ಪ್ರಸಿದ್ಧ ಉದಾಹರಣೆ ‘ಸೈನಸ್’. ತಮಗಿರುವುದು ಸೈನಸ್ ತಲೆನೋವೆಂದು ತಾವೇ ನಂಬಿದ್ದ ಅಥವಾ ವೈದ್ಯರಿಂದ ಹೇಳಿಸಿಕೊಂಡಿದ್ದ 2,991 ಮಂದಿಯನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ, ಅವರಲ್ಲಿ ಶೇ 88ರಷ್ಟು ಮಂದಿಯ ಲಕ್ಷಣಗಳು ಮೈಗ್ರೇನ್ ಬಗೆಯವೆಂದು 2004ರಲ್ಲಿ ವರದಿಯಾಯಿತು. ನಮ್ಮಲ್ಲೂ ಎಷ್ಟೋ ಮಂದಿ ಕನ್ನಡಕ ಬದಲಾಯಿಸುತ್ತ, ಮೂಗಿಗೆ ಆವಿ ಹಿಡಿಯುತ್ತ, ರಕ್ತದೊತ್ತಡ ಅಳೆಸಿಕೊಳ್ಳುತ್ತ ವರ್ಷಗಳನ್ನು ಕಳೆಯುತ್ತಾರೆ. ಅತಿಯಾಗಿ ಏರಿದ ಸಂದರ್ಭವನ್ನು ಬಿಟ್ಟರೆ ರಕ್ತದೊತ್ತಡ ಸಾಮಾನ್ಯವಾಗಿ ತಲೆನೋವನ್ನು ತರುವುದಿಲ್ಲ. ಸದ್ದಿಲ್ಲದೆ ಹಾನಿ ಮಾಡುವುದೇ ಅದರ ಸ್ವಭಾವ.

ಪ್ರಚೋದಕಗಳು ಒಂದೊಂದಾಗಿ ಕೆಲಸ ಮಾಡುವುದೂ ಇಲ್ಲ. ಹಳ್ಳಿಯವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಯಾವ ಕೆರೆಯೂ ಒಂದು ಮಳೆಗೆ ಕೋಡಿ ಬೀಳುವುದಿಲ್ಲ. ಹಿಂದಿನ ಮಳೆಗಳ ನೀರು ನಿಂತಿರಬೇಕು. ಕೊನೆಯ ಮಳೆ ಸಣ್ಣದಾಗಿದ್ದರೂ ಸಾಕು. ರಾತ್ರಿ ನಿದ್ದೆಗೆಟ್ಟು, ಬೆಳಗಿನ ತಿಂಡಿ ತಪ್ಪಿಸಿ, ಬಿಸಿಲಲ್ಲಿ ಬಸ್ಸಿಗೆ ಕಾದು, ನೀರು ಕುಡಿಯದೆ ಮಧ್ಯಾಹ್ನದವರೆಗೆ ದುಡಿದ ಹೆಣ್ಣುಮಗಳಿಗೆ ಯಾರದೋ ಅತ್ತರಿನ ವಾಸನೆ ತಾಕಿದಾಗ ತಲೆ ಸಿಡಿಯುತ್ತದೆ. ಆಕೆ ಅತ್ತರನ್ನು ದೂರುತ್ತಾಳೆ. ಕೆರೆ ತುಂಬಿಸಿದ್ದು ಅತ್ತರಲ್ಲ.

ಈ ಬರಹದ ಮುಖ್ಯ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ. ಪ್ರಚೋದಕಗಳ ಪಟ್ಟಿಯನ್ನು ನಾವು ಸದಾ ರೋಗಿಗೆ ಬೋಧಿಸುವ ಉಪದೇಶವಾಗಿ ಓದುತ್ತೇವೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ನೀರು ಕುಡಿಯಿರಿ, ಎಂಟು ಗಂಟೆ ಮಲಗಿ, ಒತ್ತಡ ಮಾಡಿಕೊಳ್ಳಬೇಡಿ. ಈ ನಾಲ್ಕು ಮಾತುಗಳನ್ನು ಪೀಣ್ಯದ ಅಥವಾ ಬೊಮ್ಮನಹಳ್ಳಿಯ ಸಿದ್ಧ ಉಡುಪು ಕಾರ್ಖಾನೆಯ ಕಾರ್ಮಿಕ ಮಹಿಳೆಗೆ ಹೇಳಿ ನೋಡೋಣ. ಆಕೆ ಬೆಳಗಿನ ಜಾವ ಎದ್ದು ಮನೆಯವರಿಗೆಲ್ಲ ಅಡುಗೆ ಮಾಡಿಟ್ಟು ಹೊರಡುತ್ತಾಳೆ. ಗಂಟೆಗೆ ಇಷ್ಟು ತುಂಡು ಎಂಬ ಗುರಿ ಇರುವಲ್ಲಿ ಶೌಚಾಲಯಕ್ಕೆ ಎದ್ದರೆ ಮೇಸ್ತ್ರಿಯ ಮುಖ ನೋಡಬೇಕು; ಹಾಗಾಗಿ ನೀರನ್ನೇ ಕುಡಿಯದಿರುವುದು ಲೇಸೆಂದು ಎಷ್ಟೋ ಮಂದಿ ನಿರ್ಧರಿಸುತ್ತಾರೆ. ಬಸ್ ಕಂಡಕ್ಟರ್, ಸಂಚಾರ ಪೊಲೀಸ್, ಬಿಸಿಲಲ್ಲಿ ಕಟ್ಟಡ ಕಟ್ಟುವ ಕೂಲಿಕಾರ್ಮಿಕ, ಪಾಳಿ ಬದಲಾಗುತ್ತಲೇ ಇರುವ ಶುಶ್ರೂಷಕಿ, ಅಮೆರಿಕದ ಹಗಲಿಗೆ ಹೊಂದಿಕೊಂಡು ಬೆಂಗಳೂರಿನ ರಾತ್ರಿಯಲ್ಲಿ ದುಡಿಯುವ ಯುವಕ, ಇವರಲ್ಲಿ ಯಾರ ಊಟ, ನಿದ್ದೆ, ನೀರು ಅವರವರ ಕೈಯಲ್ಲಿದೆ? ಆಯ್ಕೆಯೇ ಇಲ್ಲದವರಿಗೆ ಶಿಸ್ತನ್ನು ಬೋಧಿಸುವುದು ಸುಲಭ, ನ್ಯಾಯವಲ್ಲ.

ಕೆಲಸದ ಸ್ಥಳ ತಲೆನೋವನ್ನು ಉತ್ಪಾದಿಸಬಲ್ಲದು ಎಂಬುದು ಹೊಸ ಮಾತೇನಲ್ಲ. ನೈಟ್ರೋಗ್ಲಿಸರಿನ್ ಬಳಸಿ ಸ್ಫೋಟಕ ತಯಾರಿಸುವ ಕಾರ್ಖಾನೆಗಳ ಕಾರ್ಮಿಕರಿಗೆ ಪ್ರತಿ ಸೋಮವಾರ ತೀವ್ರ ತಲೆನೋವು ಬರುತ್ತಿತ್ತು. ವಾರ ಕಳೆದಂತೆ ದೇಹ ಒಗ್ಗಿಕೊಳ್ಳುತ್ತಿತ್ತು. ಭಾನುವಾರದ ಬಿಡುವಿನ ನಂತರ ಮತ್ತೆ ಸೋಮವಾರ ಅದೇ ಕಥೆ. ಅದನ್ನು ‘ಸೋಮವಾರದ ಕಾಯಿಲೆ’ ಎಂದೇ ಕರೆದರು. ನಮ್ಮ ದೇಶದ 1948ರ ಕಾರ್ಖಾನೆ ಕಾಯ್ದೆಯು ಬಿಡುವಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸಬಾರದು, ಕನಿಷ್ಠ ಅರ್ಧ ಗಂಟೆ ವಿರಾಮ ಕೊಡಬೇಕು, ಕುಡಿಯುವ ನೀರು, ಶೌಚಾಲಯ, ಗಾಳಿ, ಕಣ್ಣು ಕೋರೈಸದ ಬೆಳಕು ಇರಬೇಕು ಎಂದು ವಿಧಿಸಿತ್ತು. ಅದನ್ನು ರೂಪಿಸಿದವರು ಮೈಗ್ರೇನ್ ಬಗ್ಗೆ ಯೋಚಿಸಿರಲಾರರು. ಆದರೂ ಆ ಕಲಮುಗಳು ಇಂದಿನ ನರರೋಗ ತಜ್ಞರ ಸಲಹಾಪಟ್ಟಿಗೆ ಎಷ್ಟು ಹತ್ತಿರವಾಗಿವೆ! ಈಗ ಆ ಕಾಯ್ದೆಯ ಜಾಗಕ್ಕೆ 2020ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆ ಬಂದಿದೆ. ಅದಕ್ಕೂ ಮುನ್ನ, 2023ರಲ್ಲಿ ನಮ್ಮ ರಾಜ್ಯವು ದಿನದ ದುಡಿಮೆಯನ್ನು 12 ಗಂಟೆಯವರೆಗೆ ವಿಸ್ತರಿಸಲು ಅವಕಾಶ ಕೊಡುವ ತಿದ್ದುಪಡಿ ತಂದಿತ್ತು. ವಾರದ ಒಟ್ಟು ಗಂಟೆಗಳು ಬದಲಾಗಿಲ್ಲವಲ್ಲ ಎಂಬುದು ಅದರ ಸಮರ್ಥನೆ. ಅಂಕಗಣಿತಕ್ಕೆ ಅದು ಸರಿ, ದೇಹಕ್ಕೆ ಸರಿಯಲ್ಲ. ನಿದ್ದೆ ಮತ್ತು ಹಸಿವು ದಿನದ ಲೆಕ್ಕದಲ್ಲಿ ನಡೆಯುತ್ತವೆಯೇ ಹೊರತು ವಾರದ ಲೆಕ್ಕದಲ್ಲಲ್ಲ.

ಈ ನಷ್ಟ ಯಾವ ಖಾತೆಗೆ ಸೇರುತ್ತದೆ? ಗೈರುಹಾಜರಿಯನ್ನು ಹಾಜರಿ ಪುಸ್ತಕ ಹೇಳುತ್ತದೆ. ಹಾಜರಿದ್ದೂ ಕೆಲಸ ಸಾಗದ ಗಂಟೆಗಳನ್ನು ಯಾವ ಪುಸ್ತಕವೂ ಹೇಳದು. ಇನ್ನು ಮನೆಯೊಳಗಿನ ದುಡಿಮೆಯಂತೂ ರಾಷ್ಟ್ರೀಯ ಆದಾಯದ ಲೆಕ್ಕದ ಹೊರಗೇ ಉಳಿದಿದೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸದಲ್ಲಿ ತೊಡಗುವ ಮಹಿಳೆ ದಿನಕ್ಕೆ 299 ನಿಮಿಷ ಸಂಬಳವಿಲ್ಲದೆ ದುಡಿಯುತ್ತಾಳೆ. ಪುರುಷ 97 ನಿಮಿಷ. ತಲೆ ಸಿಡಿಯುತ್ತಿದ್ದರೂ ಆಕೆ ಒಗ್ಗರಣೆಯ ಹೊಗೆಯ ಮುಂದೆ ನಿಂತಿರುತ್ತಾಳೆ, ಏಕೆಂದರೆ ಆ ಐದು ಗಂಟೆಗೆ ಬದಲಿ ನೌಕರರಿಲ್ಲ. ಅತಿ ಹೆಚ್ಚು ಮೈಗ್ರೇನ್ ಇರುವವರ ದುಡಿಮೆಯೇ ಅತಿ ಕಡಿಮೆ ಲೆಕ್ಕಕ್ಕೆ ಸಿಗುವುದು ಕಾಕತಾಳೀಯವಿರಬಹುದು. ಪರಿಣಾಮ ಮಾತ್ರ ಕಾಕತಾಳೀಯವಲ್ಲ. ಮುಟ್ಟಿನ ದಿನಗಳಿಗೆ ವೇತನಸಹಿತ ರಜೆ ನೀಡುವ ನೀತಿಯನ್ನು ನಮ್ಮ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿದಾಗ ಅದರ ಪರ ವಿರೋಧ ಚರ್ಚೆ ಬಿರುಸಾಗಿ ನಡೆಯಿತು. ಹೊಟ್ಟೆನೋವಿನ ಮಾತು ಬಂತು. ಅದೇ ದಿನಗಳಲ್ಲಿ ಬರುವ, ಉಳಿದ ದಿನಗಳದ್ದಕ್ಕಿಂತ ದೀರ್ಘವೂ ಮೊಂಡೂ ಆದ ಮೈಗ್ರೇನ್‌ನ ಮಾತು ನನ್ನ ಕಿವಿಗೆ ಬೀಳಲಿಲ್ಲ.

ಸಮಯವೂ ಇಲ್ಲದ, ರಜೆಯೂ ಇಲ್ಲದ, ನಂಬುವವರೂ ಇಲ್ಲದ ರೋಗಿಗೆ ಉಳಿಯುವ ದಾರಿ ಬೀದಿಯ ಔಷಧ ಅಂಗಡಿ. ಕೆಲವೇ ರೂಪಾಯಿಗೆ ಮಾತ್ರೆ ಸಿಗುತ್ತದೆ, ಅರ್ಧ ಗಂಟೆಯಲ್ಲಿ ಕೆಲಸಕ್ಕೆ ಮರಳಬಹುದು. ಆ ಕ್ಷಣದ ಲೆಕ್ಕದಲ್ಲಿ ಇದು ವಿವೇಕದ ನಿರ್ಧಾರವೇ. ಆದರೆ ಅಗ್ಗದ ವಸ್ತುವಿನ ನಿಜವಾದ ಬೆಲೆ ಅನೇಕ ಸಲ ನಂತರ ತಿಳಿಯುತ್ತದೆ. ಸಾಧಾರಣ ನೋವುನಿವಾರಕವನ್ನು ತಿಂಗಳಿಗೆ 15 ಅಥವಾ ಹೆಚ್ಚು ದಿನ, ಎರಡು ಮೂರು ಔಷಧ ಬೆರೆತ ಮಾತ್ರೆಗಳನ್ನು ಅಥವಾ ಎರ್ಗಾಟಮಿನ್, ಟ್ರಿಪ್ಟಾನ್‌ನಂಥ ಮೈಗ್ರೇನ್ ಔಷಧಗಳನ್ನು ತಿಂಗಳಿಗೆ 10 ಅಥವಾ ಹೆಚ್ಚು ದಿನ, ಮೂರು ತಿಂಗಳಿಗಿಂತ ಹೆಚ್ಚು ಕಾಲ ತೆಗೆದುಕೊಂಡರೆ ಆ ಔಷಧವೇ ತಲೆನೋವನ್ನು ಹುಟ್ಟಿಸತೊಡಗುತ್ತದೆ. ನಾವೇ ತಯಾರಿಸಿಕೊಳ್ಳುವ ನಾಲ್ಕನೆಯ ಬಗೆ ಎಂದು ಮೇಲೆ ಹೇಳಿದ್ದು ಇದನ್ನೇ. ನೋವಿಗೆ ಮಾತ್ರೆ, ಮಾತ್ರೆಯಿಂದ ನೋವು. ಸಾಲ ತೀರಿಸಲು ಮರುಸಾಲ ಮಾಡಿದಂತೆ. ನಿಮ್ಹಾನ್ಸ್ ಅಧ್ಯಯನದಲ್ಲಿ ಇಂಥ ಸಂಭವವಿರುವವರು ಶೇ 1.2. ಚಿಕ್ಕ ಸಂಖ್ಯೆಯಂತೆ ಕಂಡರೂ ಅದರರ್ಥ ಸಾವಿರ ವಯಸ್ಕರಲ್ಲಿ ಹನ್ನೆರಡು ಮಂದಿ. ಅವರ ತಿಂಗಳ ಅರ್ಧಕ್ಕಿಂತ ಹೆಚ್ಚು ದಿನಗಳು ನೋವಿನಲ್ಲೇ ಕಳೆಯುತ್ತವೆ.

ನಿಯಂತ್ರಣದ ಕಥೆಯೂ ಬೋಧಪ್ರದ. 2018ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ 328 ಬೆರಕೆ ಔಷಧಗಳನ್ನು ನಿಷೇಧಿಸಿದಾಗ ಮನೆಮಾತಾಗಿದ್ದ ಸಾರಿಡಾನ್ ಕೂಡ ಆ ಪಟ್ಟಿಯಲ್ಲಿತ್ತು. ವಿಷಯ ಸುಪ್ರೀಂ ಕೋರ್ಟ್‌ಗೆ ಹೋಗಿ, 2019ರ ಫೆಬ್ರುವರಿಯಲ್ಲಿ ಅದಕ್ಕೆ ವಿನಾಯಿತಿ ದೊರೆಯಿತು. ಯಾವ ಮಾತ್ರೆ ಇರಬೇಕು, ಯಾವುದು ಇರಬಾರದು ಎಂಬ ವ್ಯಾಜ್ಯ ನಡೆಯಲಿ. ಆದರೆ ತಿಂಗಳಿಗೆ ಎಷ್ಟು ದಿನ ಮೀರಬಾರದು ಎಂಬ ಒಂದು ಸಾಲನ್ನು ಪೊಟ್ಟಣದ ಮೇಲೆ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಮುದ್ರಿಸಲು ಯಾವ ನ್ಯಾಯಾಲಯದ ತೀರ್ಪೂ ಬೇಕಿಲ್ಲ. ವಿಪರ್ಯಾಸವೆಂದರೆ, ಪದೇಪದೇ ಬರುವ ಮೈಗ್ರೇನ್ ಅನ್ನು ತಡೆಯುವ ಔಷಧಗಳು ದುಬಾರಿಯೇನಲ್ಲ. ಪ್ರೊಪ್ರನೊಲಾಲ್ ಎಂಬ ಹಳೆಯ, ಅಗ್ಗದ ಮಾತ್ರೆ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಇದೇ ಉದ್ದೇಶಕ್ಕಾಗಿ ಇದೆ. ಆಸ್ತಮಾದಂಥ ತೊಂದರೆ ಇರುವವರಿಗೆ ಅದು ಸಲ್ಲದು. ಹಾಗಾಗಿ ವೈದ್ಯರೇ ಬರೆದುಕೊಡಬೇಕು. ಕೊರತೆ ಇರುವುದು ಔಷಧದ್ದಲ್ಲ, ರೋಗವನ್ನು ಗುರುತಿಸಿ ಬರೆದುಕೊಡುವವರದ್ದು.

ಈ ನಡುವೆ ಒಂದು ಎಚ್ಚರಿಕೆಯನ್ನು ಹೇಳದೆ ಮುಂದುವರಿಯುವುದು ಸಲ್ಲದು. ಎಲ್ಲ ತಲೆನೋವಿಗೂ ಪ್ರಚೋದಕ ಹುಡುಕುತ್ತ ಕೂರಬಾರದು. ಸಿಡಿಲು ಬಡಿದಂತೆ ಕ್ಷಣಾರ್ಧದಲ್ಲಿ ತಾರಕಕ್ಕೇರುವ ನೋವು, ಜ್ವರ ಮತ್ತು ಕತ್ತಿನ ಬಿಗಿತದೊಡನೆ ಬರುವ ನೋವು, ಕೈಕಾಲು ಸೋಲುವುದು, ಮಾತು ತೊದಲುವುದು, ದೃಷ್ಟಿ ಕುಂದುವುದು, ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು, 50 ದಾಟಿದ ನಂತರ ಮೊದಲ ಬಾರಿಗೆ ಕಾಣಿಸಿಕೊಂಡ ನೋವು, ಗರ್ಭಿಣಿಯರಲ್ಲಿ ಹೊಸದಾಗಿ ಬಂದ ತೀವ್ರ ನೋವು, ಇವುಗಳಲ್ಲಿ ಯಾವುದೇ ಇದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು ಸಂದರ್ಭ ಮನೆಗಳಿಗೆ ಸಂಬಂಧಿಸಿದ್ದು. ಗ್ಯಾಸ್ ಗೀಸರ್ ಇರುವ ಗಾಳಿಯಾಡದ ಬಚ್ಚಲಲ್ಲಿ, ಚಳಿಗೆಂದು ಕೆಂಡ ಇಟ್ಟುಕೊಂಡು ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಒಟ್ಟಿಗೆ ತಲೆನೋವು, ತಲೆಸುತ್ತು ಬಂದರೆ ಅದು ಕಾರ್ಬನ್ ಮಾನಾಕ್ಸೈಡ್ ವಿಷವಿರಬಹುದು. ಬಣ್ಣವೂ ವಾಸನೆಯೂ ಇಲ್ಲದ ಆ ಅನಿಲ ಕೊಡುವ ಮೊದಲ ಸೂಚನೆಗಳಲ್ಲಿ ತಲೆನೋವೂ ಒಂದು. ಆಗ ಮಾತ್ರೆ ಹುಡುಕದೆ ಬಾಗಿಲು ಕಿಟಕಿ ತೆರೆದು ಹೊರಗೆ ಬರಬೇಕು.

ಆಗಬೇಕಾದದ್ದೇನು? ಆರಂಭ ಶೂನ್ಯದಿಂದ ಆಗಬೇಕಿಲ್ಲ ಎಂಬುದು ಸಮಾಧಾನದ ಸಂಗತಿ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಜೊತೆಗೂಡಿ 2022ರ ಜನವರಿಯಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮವು ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಜಯನಗರದಲ್ಲಿ ಪ್ರಾಯೋಗಿಕವಾಗಿ ಶುರುವಾಗಿ ನಂತರ ಇತರ ಜಿಲ್ಲೆಗಳಿಗೂ ಹಬ್ಬಿತು. ಪಾರ್ಶ್ವವಾಯು, ಅಪಸ್ಮಾರ, ಮರೆವಿನ ಕಾಯಿಲೆಗಳ ಜೊತೆ ತಲೆನೋವನ್ನೂ ಅದು ತನ್ನ ವ್ಯಾಪ್ತಿಗೆ ತಂದುಕೊಂಡದ್ದು ಶ್ಲಾಘನೀಯ. ವಿಶ್ವ ಆರೋಗ್ಯ ಸಭೆಯೂ 2022ರಲ್ಲಿ ನರಸಂಬಂಧಿ ಕಾಯಿಲೆಗಳ ಕುರಿತು 2031ರವರೆಗಿನ ಕ್ರಿಯಾಯೋಜನೆಯನ್ನು ಅಂಗೀಕರಿಸಿದೆ. ಆದರೆ ಜಿಲ್ಲಾ ಆಸ್ಪತ್ರೆಗೆ ಬಂದು ಸೇರುವವರು ಕಾಯಿಲೆಯ ಕೊನೆಯ ಹಂತದವರು. ಬಹುತೇಕ ತಲೆನೋವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ನಿಭಾಯಿಸಬಹುದು. ಅದಕ್ಕೆ ಸ್ಕ್ಯಾನಿಂಗ್ ಯಂತ್ರ ಬೇಡ. ಹತ್ತು ನಿಮಿಷದ ಮಾತುಕತೆ ಮತ್ತು ಆಶಾ ಕಾರ್ಯಕರ್ತೆಯರ ಮೂಲಕ ಹಂಚಬಹುದಾದ ಕನ್ನಡದ ಒಂದು ಪುಟದ ತಲೆನೋವು ದಿನಚರಿ ಸಾಕು. ನೋವು ಬಂದ ದಿನ, ಹಿಂದಿನ ದಿನದ ಊಟ ಮತ್ತು ನಿದ್ದೆ, ಮುಟ್ಟಿನ ದಿನ, ನುಂಗಿದ ಮಾತ್ರೆ. ಮೂರು ತಿಂಗಳ ಇಂಥ ದಿನಚರಿ ಊಹೆಯನ್ನು ಮಾಹಿತಿಯಾಗಿಸುತ್ತದೆ, ಅತಿಬಳಕೆಯನ್ನೂ ಬಯಲಿಗೆ ತರುತ್ತದೆ.

ಎರಡನೆಯದಾಗಿ, ಹೊಸ ಕಾರ್ಮಿಕ ಸಂಹಿತೆಯ ಜಾರಿಯಲ್ಲಿ ಊಟದ ಬಿಡುವು, ನೀರು, ಶೌಚಾಲಯ, ಬೆಳಕು ಇವು ತಪಾಸಣೆಯ ಔಪಚಾರಿಕ ಕಾಲಮುಗಳಾಗಿ ಉಳಿಯಬಾರದು. ಶೌಚಾಲಯ ಇದೆಯೇ ಎಂದಷ್ಟೇ ಕೇಳದೆ, ಹೋಗಲು ಬಿಡುತ್ತಾರೆಯೇ ಎಂದು ಕಾರ್ಮಿಕರನ್ನೇ ಕೇಳಬೇಕು. ಪಾಳಿ ಬದಲಾವಣೆಗೆ ಮುಂಚಿತವಾದ ಸೂಚನೆ ಇರಬೇಕು. ಮೂರನೆಯದಾಗಿ, ಶಾಲೆಗಳು. ಕೇರಳದ ಶಾಲೆಗಳಲ್ಲಿ 2019ರಲ್ಲಿ ಸುದ್ದಿಯಾದ ‘ನೀರಿನ ಗಂಟೆ’ಗೆ ಖರ್ಚಾದದ್ದು ಗಂಟೆ ಬಾರಿಸುವ ಶ್ರಮ ಮಾತ್ರ. ನಮ್ಮ ಕ್ಷೀರಭಾಗ್ಯ, ಬಿಸಿಯೂಟ ಯೋಜನೆಗಳು ಹಸಿದ ತಲೆಗಳ ನೋವನ್ನೂ ಒಂದಿಷ್ಟು ಕಡಿಮೆ ಮಾಡಿರಬೇಕು. ಶೌಚಾಲಯ ಸ್ವಚ್ಛವಾಗಿದ್ದರೆ ಹೆಣ್ಣುಮಕ್ಕಳು ನೀರನ್ನೂ ಧೈರ್ಯವಾಗಿ ಕುಡಿದಾರು.

ಇದಕ್ಕೆಲ್ಲ ಹಣಕಾಸು ಇಲಾಖೆಯ ಆಕ್ಷೇಪಣೆ ಏನಿರಬಹುದೆಂಬುದನ್ನು ನಾನು ಬಲ್ಲೆ: ತಲೆನೋವಿಗೆಲ್ಲ ಸೌಲಭ್ಯ ಕೊಡುತ್ತ ಹೋದರೆ ಕೊನೆಯೆಲ್ಲಿ, ದುರುಪಯೋಗವಾಗದೇ? ಆಗಬಹುದು. ಆದರೆ ಮೇಲಿನ ಪಟ್ಟಿಯಲ್ಲಿ ಹೊಸ ಹಕ್ಕು ಯಾವುದೂ ಇಲ್ಲ. ನೀರು, ಊಟದ ಬಿಡುವು, ನಿದ್ದೆಗೆ ಸಮಯ, ಕೇಳಿಸಿಕೊಳ್ಳುವ ವೈದ್ಯ, ಕನ್ನಡದಲ್ಲಿ ಒಂದು ಎಚ್ಚರಿಕೆಯ ಸಾಲು. ಇವುಗಳನ್ನು ದುರುಪಯೋಗ ಮಾಡಿಕೊಳ್ಳುವುದು ಹೇಗೆಂದು ನನಗೆ ತಿಳಿಯದು.

ರೋಗಿಗಳಿಗೂ ಒಂದು ಮಾತು. ಪ್ರತಿಯೊಂದು ಪ್ರಚೋದಕವನ್ನೂ ತಪ್ಪಿಸಲು ಹೊರಟರೆ ಬದುಕೇ ಕಿರಿದಾಗುತ್ತದೆ. ಮದುವೆ ಮನೆ, ಜಾತ್ರೆ, ಪ್ರಯಾಣ ಎಲ್ಲವನ್ನೂ ಬಿಟ್ಟು ಕತ್ತಲ ಕೋಣೆ ಸೇರಬೇಕಿಲ್ಲ. ಹವಾಮಾನವನ್ನು ಬದಲಿಸಲಾಗದು, ಆದರೆ ಊಟದ ಹೊತ್ತು, ಮಲಗುವ ಹೊತ್ತು, ಮಾತ್ರೆಯ ಎಣಿಕೆ, ಇವುಗಳಲ್ಲಿ ಕೈಗೆಟುಕಿದಷ್ಟನ್ನು ಹಿಡಿದುಕೊಂಡರೆ ಕೆರೆಯ ಮಟ್ಟ ತಗ್ಗುತ್ತದೆ. ಕೈಗೆಟುಕದ ಉಳಿದದ್ದನ್ನು ಮಾಲೀಕರ ಮುಂದೆ, ಶಾಲೆಯ ಮುಂದೆ, ಸರ್ಕಾರದ ಮುಂದೆ ಇಡಲು ಸಂಕೋಚಪಡಬೇಕಾಗಿಲ್ಲ. ನಾಲ್ವರಲ್ಲಿ ಒಬ್ಬರನ್ನು ಕಾಡುವ ನೋವನ್ನು ಆ ಒಬ್ಬರ ದೌರ್ಬಲ್ಯವೆಂದು ಕರೆಯುವ ಅಧಿಕಾರ ಉಳಿದ ಮೂವರಿಗೆ ಇಲ್ಲ.